ವಲಿ ಪಾಷಾರ ಪರವಾನಗಿ

ಅಪ್‌ಡೇಟ್ ಆದ ಮೇಲೆ ಸೂಫಿಯಾಳ ಕಂಪ್ಯೂಟರು ಎಷ್ಟು ನಿಧಾನವಾಯಿತೆಂದರೆ, ಬೆಳಿಗ್ಗೆ ಅದರ ಗುಂಡಿ ಒತ್ತಿ, ಅಂಗಡಿ ಗುಡಿಸಿ, ಮುಂದೆ ನೀರು ಚಿಮುಕಿಸಿ, ಪಕ್ಕದ ಯಂಕೋಬನ ಹೋಟೆಲಿನಲ್ಲಿ ಮಂಡಾಳು ಒಗ್ಗರಣಿ ತಿಂದು ಕೈ ತೊಳೆದು ಬಂದರೂ ಪರದೆಯ ಮೇಲೆ ಉಂಗುರ ತಿರುಗುತ್ತಲೇ ಇತ್ತು. ಗಿರಣಿಯ ಬೀಸುಕಲ್ಲಾದರೂ ಇಷ್ಟು ಹೊತ್ತು ತಿರುಗಿದರೆ ಒಂದು ಪಾವು ಹಿಟ್ಟು ಬೀಳುತ್ತಿತ್ತು. ಇದರಿಂದ ಬಿದ್ದದ್ದು ಏನೂ ಇಲ್ಲ.

ಮಾನ್ವಿಯ ಬಸ್ ನಿಲ್ದಾಣದ ಎದುರಿಗೆ ಅವಳ ಅಂಗಡಿ. ಅರ್ಜಿ ತುಂಬುವುದು, ಝೆರಾಕ್ಸು, ಮದುವೆಯ ಕಾರ್ಡು. ಬೇರೆ ದಿನವಾಗಿದ್ದರೆ ಉಂಗುರ ಬೇಕಾದಷ್ಟು ತಿರುಗಲಿ ಎಂದು ಬಿಟ್ಟುಬಿಡುತ್ತಿದ್ದಳು. ಆದರೆ ಆ ಶುಕ್ರವಾರ ಬೆರಳಚ್ಚುಗಾರರ ಹುದ್ದೆಗೆ ಅರ್ಜಿ ಹಾಕಲು ಕೊನೆಯ ದಿನ. ಸಂಜೆ ಐದೂವರೆಗೆ ವೆಬ್‌ಸೈಟು ಮುಚ್ಚುತ್ತಿತ್ತು. ಈ ಸಲ ತಪ್ಪಿದರೆ ಅವಳ ವಯಸ್ಸಿನ ಮಿತಿ ಮುಗಿದುಹೋಗುತ್ತಿತ್ತು, ಮತ್ತೆ ಆ ಹುದ್ದೆಯ ಮಾತೇ ಇಲ್ಲ. ಊರಿನವರ ಅರ್ಜಿಗಳನ್ನೆಲ್ಲ ಹೊತ್ತಿಗೆ ಮುಂಚೆ ತುಂಬಿ ಕಳಿಸಿದವಳು ತನ್ನದನ್ನು ಮಾತ್ರ ಮುಕ್ಕಾಲು ತುಂಬಿ ಕೊನೆಯ ದಿನಕ್ಕೆ ಇಟ್ಟುಕೊಂಡಿದ್ದಳು. ಅವಳ ಅಂಕಪಟ್ಟಿ, ಫೋಟೋ, ಸಹಿ ಎಲ್ಲವೂ ಆ ಪೆಟ್ಟಿಗೆಯ ಹೊಟ್ಟೆಯೊಳಗೇ ಇದ್ದವು.

ರಾಯಚೂರಿನ ಅನಿಲಕುಮಾರನಿಗೆ ಫೋನು ಹಚ್ಚಿದಳು. ಮೂರು ವರ್ಷದ ಹಿಂದೆ ಈ ಕಂಪ್ಯೂಟರು ಕೂಡಿಸಿ ಕೊಟ್ಟವನು ಅವನೇ.

"ಅಪ್‌ಡೇಟ್ ಆದಾಗ ಎಲ್ಲಾ ಎದ್ದು ಕುಂತಾವ್ರಿ ಮೇಡಂ," ಅಂದ ಅವನು. "ಚಾಲೂ ಮಾಡಿದ ಕೂಡ್ಲೇ ನಲವತ್ತೊಂದು ಪ್ರೋಗ್ರಾಮು ಒಮ್ಮಿಗೇ ಓಡಾಕತ್ತಾವು. ಒಂದೊಂದ ಬಂದ್ ಮಾಡ್ಕೋತ ಹೋಗ್ರಿ. ಹತ್ತು ನಿಮಿಷದ ಕೆಲಸ. ಒಂದೊಂದಕ್ಕೂ ಅಡ್ಮಿನ್ ಪಾಸ್‌ವರ್ಡ್ ಕೇಳ್ತದ, ಅದು ಹಾಕಿದ್ರ ಮುಗೀತು."

ಸೂಫಿಯಾ ಫೋನು ಕೆಳಗಿಟ್ಟಳು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಇಲ್ಲಿಯ ಪೂಜಾರಿ ಇದ್ದದ್ದು ದೇವದುರ್ಗದಲ್ಲಿ.

ಸೂಫಿಯಾಳ ಮನೆಯಲ್ಲಿ ಗ್ಯಾಸಿನ ಸಿಲಿಂಡರಿನಿಂದ ಹಿಡಿದು ನೀರಿನ ಮೋಟರಿನ ತನಕ ಏನೇ ಕೊಂಡರೂ ಹಿರಿಯರ ಹೆಸರಿಗೇ ಮಾಡಿಸುವುದು ರೂಢಿ. ಕಂಪ್ಯೂಟರು ಕೂಡಿಸುವ ದಿನ ಅನಿಲಕುಮಾರ "ಅಡ್ಮಿನ್ ಯಾರ ಹೆಸರಿಗೆ?" ಎಂದು ಕೇಳಿದಾಗ, ತಂದೆಯಿಲ್ಲದ ಸೂಫಿಯಾ ಎರಡನೆಯ ಯೋಚನೆ ಮಾಡದೆ "ಮಾಮು ಹೆಸರಿಗೆ" ಅಂದಿದ್ದಳು. ಮಾಮು ಅಂದರೆ ಅವಳ ತಾಯಿಯ ಅಣ್ಣ ವಲಿ ಪಾಷಾ. ಮೂವತ್ತಾರು ವರ್ಷ ಕೋರ್ಟಿನ ಬಾಗಿಲಲ್ಲಿ ನಿಂತು ವಾದಿ ಪ್ರತಿವಾದಿಗಳ ಹೆಸರು ಮೂರು ಮೂರು ಸಲ ಕೂಗಿ ನಿವೃತ್ತರಾದವರು. ಅವತ್ತು ಅವರು ಕೈಕಾಲು ತೊಳೆದುಕೊಂಡು ಬಂದು, ಎಲ್ಲರನ್ನೂ ಹೊರಗೆ ಕಳಿಸಿ, ತಮ್ಮ ಪಾಸ್‌ವರ್ಡು ಇಟ್ಟಿದ್ದರು. ಅಂದಿನಿಂದ ಕಂಪ್ಯೂಟರು ಏನಾದರೂ ಪರವಾನಗಿ ಕೇಳಿದರೆ ಅವರಿಗೆ ಫೋನು ಹೋಗುತ್ತಿತ್ತು, ಅವರು ಒಂದೂವರೆ ತಾಸು ಬಸ್ಸಿನಲ್ಲಿ ಕೂತು ಬಂದು ಕೊಟ್ಟು ಹೋಗುತ್ತಿದ್ದರು.

ಆ ಪಾಸ್‌ವರ್ಡು ಇಡೀ ಬಜಾರಿಗೆ ಗೊತ್ತಿತ್ತು. ಹೇಗೆ ಗೊತ್ತಾಗದಿರುತ್ತದೆ? ಕೋರ್ಟಿನ ಅಂಗಳ ದಾಟಿ ಬೇವಿನ ಗಿಡದ ಕೆಳಗಿನ ಕಕ್ಷಿದಾರನ ಕಿವಿಗೆ ಮುಟ್ಟಿಸಿ ಪಳಗಿದ ಗಂಟಲು ಅದು. ಒಂದೊಂದೇ ಕೀಲಿ ಹುಡುಕಿ ಒತ್ತುವಾಗ ಅವರು ಅದನ್ನು ಕೂಗಿಯೇ ಒತ್ತುತ್ತಿದ್ದರು. ಹೀರಾಬಿ, ಒಂದು, ಒಂಬತ್ತು, ಎಂಟು, ಒಂದು. ಹೀರಾಬಿ ಅವರ ಹೆಂಡತಿ, ಅಂಕಿ ಅವರ ನಿಕಾಹ್ ಆದ ವರ್ಷ. ಯಂಕೋಬನಿಗೆ ಗೊತ್ತು, ಹೂವಿನ ಸೂಗಮ್ಮನಿಗೆ ಗೊತ್ತು, ಬಸ್ಸಿನ ಕಂಡಕ್ಟರುಗಳಿಗೂ ಗೊತ್ತು. ಆದರೂ ಅವರು ಕೀಲಿಮಣೆಗೆ ಕೈ ಹಾಕಿದೊಡನೆ ಎಲ್ಲರೂ ಅದಬು ಮರ್ಯಾದೆಯಿಂದ ಮುಖ ಆಚೆ ತಿರುಗಿಸಿ ಫ್ಯಾನು ನೋಡುತ್ತ ನಿಲ್ಲುತ್ತಿದ್ದರು. ಹೆಂಡತಿಯ ಹೆಸರಿಟ್ಟುಕೊಂಡ ಮನುಷ್ಯನನ್ನು ಎದುರಿಗೆ ನಿಲ್ಲಿಸಿ ನಾಚಿಸುವಷ್ಟು ಗಟ್ಟಿ ಎದೆ ಯಾರಿಗಿತ್ತು?

ಸೂಫಿಯಾ ಒತ್ತಿದ್ದರೆ ಎಂಟೂವರೆಗೇ ಎಲ್ಲ ಮುಗಿಯುತ್ತಿತ್ತು. ಬೆರಳು ಕೀಲಿಯ ತನಕ ಹೋಯಿತು ಕೂಡ. ಮೂರು ವರ್ಷದಲ್ಲಿ ಒಂದು ಸಲವೂ ಮಾಡದ ಕೆಲಸ. ಬೆರಳು ಹಿಂದೆ ತೆಗೆದುಕೊಂಡು ಫೋನು ಹಚ್ಚಿದಳು. "ಮಾಮು, ಪರವಾನಗಿ ಬೇಕಾಗಿತ್ತು. ಇವತ್ತೇ."

"ಬರ್ತೀನಿ ಬೇಟಿ. ವರ್ದಿ ಇಸ್ತ್ರಿಗೆ ಕೊಟ್ಟೀನಿ, ಬಂದ ಕೂಡ್ಲೇ ಹೊಂಡ್ತೀನಿ."

ಅವರು ಇಳಿದದ್ದು ಹನ್ನೆರಡೂವರೆಗೆ. ಬಿಳಿ ಕೋಟು, ಬಿಳಿ ಪೈಜಾಮ, ಎದೆಗೆ ಅಡ್ಡ ಕೆಂಪು ಪಟ್ಟಿ, ಪಟ್ಟಿಯ ಮೇಲೆ ಹೊಳೆಯುವ ಹಿತ್ತಾಳೆ ಬಿಲ್ಲೆ. ನಿವೃತ್ತಿಯ ದಿನ ಸರಕಾರಕ್ಕೆ ಮರಳಿಸಲು ಮರೆತ ವರ್ದಿ. ಜುಮ್ಮಾ ನಮಾಜು ಆಯಿತು, ಊಟ ಆಯಿತು, ಊಟದ ಮೇಲೆ ಒಂದು ಎಲೆ ಆಯಿತು. ಎರಡೂವರೆಗೆ ಅವರು ಕಂಪ್ಯೂಟರಿನ ಮುಂದೆ ಕುಳಿತು ನಲವತ್ತೊಂದು ಹೆಸರಿನ ಪಟ್ಟಿ ನೋಡಿದರು.

"ಇವೆಲ್ಲ ಬಂದ್ ಮಾಡಬೇಕ್ರಿ ಮಾಮು. ಪಟಾಪಟಾ ಒತ್ತಿಬಿಡ್ರಿ."

ವಲಿ ಪಾಷಾ ಕನ್ನಡಕ ತೆಗೆದರು. "ಒಂದು ಮಾತ ಕೇಳದ ಹೊರಗ ಹಾಕೋದಾ? ಕರೀಬೇಕು ಬೇಟಿ. ಮೂರು ಸಲ ಕರೀಬೇಕು. ಬರಲಿಲ್ಲ ಅಂದ್ರ ಆಮ್ಯಾಲ ನೋಡೋಣು."

ಸೂಫಿಯಾ ಬಾಯಿ ತೆರೆಯುವುದರೊಳಗೆ ಅವರು ಎದ್ದು ಬಾಗಿಲಿಗೆ ಹೋಗಿ ಆಗಿತ್ತು. ಬಸ್ ನಿಲ್ದಾಣದ ಕಡೆ ಮುಖ ಮಾಡಿ, ಪ್ರೋಗ್ರಾಮಿನ ಹೆಸರು ಕೂಗಿ, "ಹಾಜರ್ ಹೈ?" ಎಂದು ಮೂರು ಸಲ ಕೇಳಿದರು. ಲಿಂಗಸುಗೂರಿನ ಬಸ್ಸು ಹತ್ತಲು ನಿಂತಿದ್ದ ಒಬ್ಬ ಗಾಬರಿಯಿಂದ ಕೈ ಎತ್ತಿ, ಆಮೇಲೆ ಇಳಿಸಿದ. ಯಾರೂ ಬರಲಿಲ್ಲ. ವಲಿ ಪಾಷಾ ಒಳಗೆ ಬಂದು ಕುಳಿತರು. "ಗೈರುಹಾಜರು. ಬಂದ್." ಅಂಗಡಿಯಲ್ಲಿದ್ದವರೆಲ್ಲ ಫ್ಯಾನು ನೋಡಿದರು. ಹೀರಾಬಿ, ಒಂದು, ಒಂಬತ್ತು, ಎಂಟು, ಒಂದು.

ಹತ್ತು ನಿಮಿಷದ ಕೆಲಸ ಅಂದಿದ್ದ ಅನಿಲಕುಮಾರ. ಒಂದಕ್ಕೇ ಆರು ನಿಮಿಷ ಆಗಿತ್ತು.

ಪಟ್ಟಿಯ ಕೊನೆಗೆ ನಲವತ್ತೊಂದನೆಯ ನಂಬರಿನಲ್ಲಿ ಒಂದು ಪ್ರೋಗ್ರಾಮು ಇತ್ತು. ಅಪ್‌ಡೇಟಿನ ಜೊತೆ ಬಂದು ಪೆಟ್ಟಿಗೆಯಲ್ಲಿದ್ದ ಒಂದೊಂದು ಕಡತವನ್ನೂ ತೆರೆದು ಎಣಿಸುತ್ತ ಕೂತದ್ದು ಅದೇ, ಮುಕ್ಕಾಲು ಶಕ್ತಿ ತಿನ್ನುತ್ತಿದ್ದದ್ದೂ ಅದೇ. "ಮಾಮು, ಇದನ್ನ ಮೊದಲ ತಗೋರಿ, ಉಳಿದದ್ದು ಹೆಂಗರ ಆಗ್ಲಿ," ಎಂದು ಸೂಫಿಯಾ ಅಂಗಲಾಚಿದಳು.

"ಸೀರಿಯಲ್ ನಂಬರ್ ಮುರಿಯಂಗಿಲ್ಲ. ದೊಡ್ಡ ಮಂದೀದು ಮೊದಲ, ಸಣ್ಣ ಮಂದೀದು ಆಮ್ಯಾಲ ಅನ್ನೋ ಕೋರ್ಟ್ ಅಲ್ಲ ಇದು."

ಕೂಗು ಕೇಳಿ ಜನ ಸೇರಿತು. ಯಂಕೋಬ ಬೆಂಚು ತಂದು ಹಾಕಿದ. ಐದನೆಯ ನಂಬರು ಪಂಚಾಂಗದ್ದು. ಅದನ್ನು ಹಾಕಿಸಿದವನು ಯಂಕೋಬನೇ ಆಗಿದ್ದರಿಂದ ಅವನು ಟವೆಲ್ಲಿನಿಂದ ಕೈ ಒರೆಸಿಕೊಂಡು ಹಾಜರಾದ. "ರಾಹುಕಾಲ ಬಂದ ಕೂಡ್ಲೇ ಗಂಟಿ ಬಾರಸ್ತದ್ರಿ ಚಾಚಾ. ಆ ಗಂಟಿ ಕೇಳಿದ್ ಮ್ಯಾಲ ನಾ ಹೊಸಾ ಎಣ್ಣಿ ಕಾಸಂಗಿಲ್ಲ." ವಾದ ಗಟ್ಟಿಯಾಗಿತ್ತು. ಪಂಚಾಂಗ ಉಳಿಯಿತು. ಹನ್ನೊಂದನೆಯದು ಭತ್ತದ ಧಾರಣೆ ಹೇಳುವಂಥದ್ದು. ಅದಕ್ಕೆ ಪೋತ್ನಾಳದಿಂದ ರೈತ ಯಲ್ಲಾಲಿಂಗ ಬರಬೇಕಾಯಿತು. ಅವನು ಮೋಟರ್ ಸೈಕಲ್ಲಿನಲ್ಲಿ ಬಂದು "ಹಾಕಿಸಿದ್ದು ನಾನೇ, ಆದರ ಒಂದ್ ದಿನ ಖರೇ ಹೇಳಿಲ್ಲ ಅದು" ಎಂದು ತನ್ನ ಪ್ರೋಗ್ರಾಮಿನ ವಿರುದ್ಧವೇ ಸಾಕ್ಷಿ ನುಡಿದ. ಹೋಗಲಿಲ್ಲ ಮಾತ್ರ, ಮುಂದಿನದು ನೋಡಲು ಬೆಂಚಿನ ಮೇಲೆ ಕೂತ.

ವೈರಸ್ಸು ಕಾಯುವವು ಮೂರು ಇದ್ದವು. ಮೂರೂ ಒಂದನ್ನೊಂದು ಕಳ್ಳ ಎಂದು ಬರೆದುಕೊಂಡಿದ್ದವು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದಂತೆ ನಡುವೆ ಬಡವಾದದ್ದು ಕಂಪ್ಯೂಟರು. "ಒಂದು ಬಾಗಲಿಗೆ ಒಬ್ಬನೇ ಜವಾನ. ನಾ ಒಬ್ಬನೇ ನಿಂತಿದ್ದಿಲ್ಲೇನು?" ಎಂದು ವಲಿ ಪಾಷಾ ಎರಡನ್ನು ಮನೆಗೆ ಕಳಿಸಿದರು.

ಹತ್ತೊಂಬತ್ತನೆಯದು ಒಂದು ಪ್ರಿಂಟರಿನದು. ಆ ಪ್ರಿಂಟರು ಕೆಟ್ಟು ಗುಜರಿಗೆ ಹೋಗಿ ಎರಡು ವರ್ಷವಾಗಿತ್ತು. ಪ್ರೋಗ್ರಾಮು ಮಾತ್ರ ದಿನಾ ಬೆಳಿಗ್ಗೆ ಎದ್ದು ಅದಕ್ಕಾಗಿ ಹುಡುಕುತ್ತಿತ್ತು.

"ಹೋತು ಅಂತ ಇವಗ ಯಾರೂ ಹೇಳಿಲ್ಲೇನು?" ವಲಿ ಪಾಷಾರ ಧ್ವನಿ ಇಳಿಯಿತು.

"ಅದಕ್ಕ ಹೆಂಗ ಹೇಳ್ತಾರ್ರಿ ಮಾಮು?" ಸೂಫಿಯಾಳಿಗೆ ಅಳುವೇ ಬರುವಂತಿತ್ತು. ಗೋಡೆಯ ಗಡಿಯಾರದಲ್ಲಿ ನಾಲ್ಕು ಹೊಡೆಯುತ್ತಿತ್ತು.

"ಕಾಯಲಿ ಬಿಡು. ಕಾಯೋರಿಗೆ ಶಿಕ್ಷಾ ಕೊಡಬಾರದು." ಅದೂ ಉಳಿಯಿತು.

ಇಪ್ಪತ್ತೈದನೆಯ ನಂಬರಿನ ಹೊತ್ತಿಗೆ ಸೂಗಮ್ಮ ಫ್ಯಾನು ನೋಡುತ್ತಲೇ ತುಟಿ ಅಲ್ಲಾಡಿಸುತ್ತಿದ್ದಳು. ಪಾಸ್‌ವರ್ಡಿನಲ್ಲಿ ಅವಳು ವಲಿ ಪಾಷಾರಿಗಿಂತ ಒಂದು ಅಂಕಿ ಮುಂದಿದ್ದಳು. ಒಮ್ಮೆ ಅವರು ಎಂಟರ ಹತ್ತಿರ ತಡವರಿಸಿದಾಗ "ಎಂಟು" ಎಂದು ಅವಳ ಬಾಯಿಂದ ಬಂದೇಬಿಟ್ಟಿತು. ಯಂಕೋಬ ಕೆಮ್ಮಿ ಮುಚ್ಚಿದ. ನಡುವೆ ಇಳಿಹೊತ್ತಿನ ಅಸರ್ ನಮಾಜಿಗೆಂದು ಕಾಲು ತಾಸು ಕಲಾಪ ನಿಂತಿತು. ಅಲ್ಲಿಂದ ಮುಂದೆ ಹೆಸರುಗಳು ಬೇಗ ಬೇಗ ಬಿದ್ದವು, ಸೂಫಿಯಾಳಿಗೆ ಜೀವ ಬಂದಂತಾಯಿತು. ಮೂವತ್ತೆಂಟು. ಮೂವತ್ತೊಂಬತ್ತು. ನಲವತ್ತು.

ವಲಿ ಪಾಷಾ ಗಡಿಯಾರ ನೋಡಿದರು. ಐದು ದಾಟಿ ಹತ್ತು ನಿಮಿಷ. ಕುರ್ಚಿ ಹಿಂದೆ ಸರಿಸಿ ಎದ್ದು ಎದೆಯ ಪಟ್ಟಿ ಸರಿಮಾಡಿಕೊಂಡರು.

"ಅಯ್ಯಯ್ಯ, ಹೊತ್ತು ಮೀರಿತು. ಕೋರ್ಟ್ ಐದಕ್ಕ ಏಳಬೇಕಿತ್ತು. ನಲವತ್ತೊಂದನೇದು ಸೋಮವಾರಕ್ಕ."

"ಮಾಮು! ಐದೂವರಿಗೆ ವೆಬ್‌ಸೈಟ್ ಬಂದ್ ಆಗ್ತದ. ಅದೊಂದು ಬಂದ್ ಮಾಡಿದ್ರ ಸಾಕು, ನನ್ನ ಅರ್ಜಿ ಹೋಗ್ತದ. ಒಂದೇ ಒಂದು!"

"ಎಷ್ಟ್ ಮಂದಿ ಜಡ್ಜ್ ಸಾಹೇಬರನ್ನ ನೋಡೀನಿ ಬೇಟಿ ನಾನು. ಒಮ್ಮಿ ಎದ್ದವರು ಮತ್ತ ಕುಂತದ್ದು ನೋಡಿಲ್ಲ." ಅವರಿಗೂ ಕೆಡುಕೆನಿಸುತ್ತಿತ್ತು, ಮುಖದಲ್ಲಿ ಕಾಣುತ್ತಿತ್ತು. ಆದರೆ ರೂಢಿ ಅಂದರೆ ರೂಢಿ. ಬಾಗಿಲಿಗೆ ಹೋಗಿ ಒಂದು ಚಪ್ಪಲಿ ಮೆಟ್ಟಿದರು.

ಸೂಫಿಯಾ ಖಾಲಿಯಾದ ಕುರ್ಚಿಯಲ್ಲಿ ಕುಳಿತಳು. ನಲವತ್ತೊಂದನೆಯದನ್ನು ಒತ್ತಿದಳು. ಪರದೆ ಪರವಾನಗಿ ಕೇಳಿತು. ಅವರ ಬೆನ್ನು ಅವಳ ಕಡೆಗಿತ್ತು. ಸದ್ದಿಲ್ಲದೆ ಒತ್ತಿದ್ದರೆ ಅವರಿಗೆ ತಿಳಿಯುತ್ತಲೇ ಇರಲಿಲ್ಲ, ಬೆಂಚಿನವರು ಸತ್ತರೂ ಬಾಯಿ ಬಿಡುತ್ತಿರಲಿಲ್ಲ. ಬೆನ್ನ ಹಿಂದೆ ಮಾಡುವ ಆ ಕೆಲಸ ಅವಳಿಗೆ ಕಳ್ಳತನದಂತೆ ಕಂಡಿತು. ಮೂರು ವರ್ಷ ಕಾಪಾಡಿದ್ದನ್ನು ಕದಿಯಬಾರದು, ಒಡೆಯುವುದಾದರೆ ಅವರ ಎದುರಿಗೇ ಒಡೆಯಬೇಕು. ಅವಳ ಗಂಟಲಲ್ಲಿ ಮಾಮುವಿನದೇ ಧ್ವನಿ ಎದ್ದಿತು.

"ಹೀರಾಬಿ! ಒಂದು! ಒಂಬತ್ತು! ಎಂಟು! ಒಂದು!"

ಪಕ್ಕದಲ್ಲಿ ಬಜ್ಜಿ ಕರಿಯುತ್ತಿದ್ದ ಯಂಕೋಬನ ಕೈಯ ಜಾಲರಿ ಸೌಟು ಎಣ್ಣೆಯ ಮೇಲೆ ಹಾಗೇ ನಿಂತಿತು. ವಲಿ ಪಾಷಾ ಒಂದೇ ಚಪ್ಪಲಿಯಲ್ಲಿ ತಿರುಗಿದರು.

"ನಿನಗ ಯಾರು ಹೇಳಿದ್ರು?"

ಸೂಫಿಯಾ ತಲೆ ತಗ್ಗಿಸಿದಳು. ಉತ್ತರ ಕೊಟ್ಟವನು ಯಂಕೋಬ. "ನೀವೇ ಹೇಳೀರಿ ಚಾಚಾ. ಮೂರು ವರ್ಷ ಆತು."

"ನಿನಗೂ ಗೊತ್ತದೇನು?"

ಯಂಕೋಬ ನೆಲ ನೋಡಿದ. ಯಲ್ಲಾಲಿಂಗ ನೆಲ ನೋಡಿದ. ಅವನು ಬಂದು ಎರಡು ತಾಸೂ ಆಗಿರಲಿಲ್ಲ, ಅವನಿಗೂ ಗೊತ್ತಾಗಿಹೋಗಿತ್ತು. ಸೂಗಮ್ಮ ಸೆರಗು ಬಾಯಿಗೆ ಹಿಡಿದಳು. ವಲಿ ಪಾಷಾ ಒಬ್ಬೊಬ್ಬರದೇ ಮುಖ ನೋಡುತ್ತ ಬಂದರು. ಎದೆಯ ಮೇಲಿನ ಕೆಂಪು ಪಟ್ಟಿ ಒಮ್ಮೆಲೇ ಹಳೆಯದಾಗಿ ಕಂಡಿತು.

"ಹಂಗಾದ್ರ ನನ್ನ ಯಾಕ ಕರೀತಿದ್ರಿ?"

ಅದು ಬಾಯಿಬಿಟ್ಟು ಹೇಳುವಂಥದ್ದಾಗಿದ್ದರೆ ಮೂರು ವರ್ಷ ಫ್ಯಾನು ನೋಡುವುದು ಏಕೆ ಬೇಕಿತ್ತು.

ಸೂಫಿಯಾಳಿಗೆ ಅಳಲೂ ಹೊತ್ತಿರಲಿಲ್ಲ. ಒತ್ತಿದಳು. ನಲವತ್ತೊಂದನೆಯದು ಬಿತ್ತು. ಉಂಗುರ ಎರಡು ಸುತ್ತು ತಿರುಗಿ ನಿಂತೇಬಿಟ್ಟಿತು. ಅರ್ಜಿಯ ಪುಟ ಇದೋ ಎಂದು ತೆರೆದುಕೊಂಡಿತು. ಅಂಕಪಟ್ಟಿ ಏರಿಸಿದಳು, ಫೋಟೋ ಏರಿಸಿದಳು, ಸಹಿ ಏರಿಸಿದಳು. ಐದು ಇಪ್ಪತ್ತೇಳಕ್ಕೆ ಅರ್ಜಿ ಹೋಯಿತು. ಸ್ವೀಕೃತಿಯ ಸಂಖ್ಯೆ ಬಂದಾಗ ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಬಿಕ್ಕಿದಳು. ಅರ್ಜಿ ಹೋದ ಸಂತೋಷಕ್ಕೋ, ಬಾಗಿಲಲ್ಲಿ ನಿಂತವರ ಸಲುವಾಗಿಯೋ ಅವಳಿಗೇ ಗೊತ್ತಾಗಲಿಲ್ಲ.

"ಹೋತೇನು?" ವಲಿ ಪಾಷಾ ಕೇಳಿದರು.

"ಹೋತು ಮಾಮು."

ಅವರು ಮೆಟ್ಟಿದ್ದ ಒಂದು ಚಪ್ಪಲಿ ಬಿಟ್ಟು ಒಳಗೆ ಬಂದರು. ಎದ್ದವರು ಮತ್ತೆ ಕುಳಿತರು. "ಪಾಸ್‌ವರ್ಡ್ ಬದಲಿ ಮಾಡೋದು ಎಲ್ಲಿ, ತೋರ್ಸು."

ಸೂಫಿಯಾ ತೋರಿಸಿ ಪಕ್ಕಕ್ಕೆ ಸರಿದಳು. ಬಜಾರು ರೂಢಿಯಂತೆ ಫ್ಯಾನಿನ ಕಡೆ ತಿರುಗಿತು. ಒಂದು ಕೀಲಿ ಒತ್ತಿದ ಸದ್ದು ಬಂತು, ಇನ್ನೊಂದು ಬಂತು. ಧ್ವನಿ ಬರಲಿಲ್ಲ. ಒಬ್ಬೊಬ್ಬರೇ ಮೆಲ್ಲಗೆ ಹೊರಳಿ ನೋಡಿದರು. ವಲಿ ಪಾಷಾ ತುಟಿ ಬಿಗಿಹಿಡಿದಿದ್ದರು. ಕೂಗು ತಡೆದು ತಡೆದು ಕುತ್ತಿಗೆಯ ನರ ಉಬ್ಬಿತ್ತು, ಕಣ್ಣಲ್ಲಿ ನೀರು ನಿಂತಿತ್ತು. ಹನ್ನೆರಡು ಸಲ ಒತ್ತಿದರು. ಮತ್ತೆ ಖಾತ್ರಿಗೆಂದು ಹನ್ನೆರಡು ಸಲ ಒತ್ತಿದರು. ಸೂಗಮ್ಮನ ತುಟಿಗೆ ಏನೂ ಸಿಗಲಿಲ್ಲ.

ಎದ್ದು, ಎರಡೂ ಚಪ್ಪಲಿ ಮೆಟ್ಟಿ, ಸೂಫಿಯಾಳ ತಲೆಯ ಮೇಲೆ ಕೈಯಿಟ್ಟರು.

"ಇಷ್ಟು ದಿನ ಸುಮ್ನ ಕರೀತಿದ್ರಿ," ಅಂದರು. "ಇನ್ನ ಮ್ಯಾಲ ಕರೀಲೇಬೇಕು."

ಅವರು ರಸ್ತೆ ದಾಟಿ ದೇವದುರ್ಗದ ಬಸ್ಸು ಹತ್ತಿದರು.