ಹುಬ್ಬಿನ ಮೇಲಿನ ಗೀರು

ಬಿಸಿಲು ಮೇಲಿನ ಕಿಂಡಿಯಿಂದ ವಾರೆಯಾಗಿ ಇಳಿದು ಉಕ್ಕಿನ ಮೇಲೆ ಕೂತಿದೆ, ಹೀಗೆ ವಾರೆಯಾಗಿ ಬಿದ್ದಾಗಲೇ ಎಲ್ಲ ಕಾಣುವುದು, ಮೂಗಿನ ಏರು, ತುಟಿಯ ಮಡಿಕೆ, ಮತ್ತೆ ಹುಬ್ಬಿನ ತುದಿಯಲ್ಲಿ ಇದೇನು, ಕೂದಲೇ, ಧೂಳಿರಬೇಕು, ಊದಿದರೆ ಹೋಗುತ್ತದೆ — ಹೋಗಲಿಲ್ಲ. ಅಯ್ಯೋ ಭಗವಂತ. ಗೀರು. ಅಕ್ಕಿಯ ನುಚ್ಚಿನಷ್ಟು ಉದ್ದದ ಗೀರು, ತೀರಿಕೊಂಡ ದೊರೆಯ ಗೀರು, ಹೊಸ ದೊರೆಯ ನಾಣ್ಯದ ಅಚ್ಚಿನ ಮೇಲೆ. ಕೊರೆದದ್ದು ಕೈ, ನಾನಲ್ಲ, ಈ ಕೈಗೆ ಆ ಮುಖವನ್ನು ಬೇರೆ ಎಲ್ಲಿಂದಲೂ ಶುರುಮಾಡಲು ಬರುವುದಿಲ್ಲ, ಅಪ್ಪ ಕಲಿಸಿದ್ದೇ ಹಾಗೆ, ಮೊದಲು ಗೀರು ಹಾಕ್ಕೋ ಮಗಾ, ಅದು ಗೂಟ ಹೊಡೆದ ಹಾಗೆ, ಅಲ್ಲಿಂದ ಕಣ್ಣೆಷ್ಟು ದೂರ ಮೂಗೆಷ್ಟು ದೂರ ಅಂತ ಅಳೀತಾ ಹೋಗು, ಮುಖ ತಾನಾಗೇ ಬಂದು ಕೂತ್ಕೊಳುತ್ತೆ. ಕೂತಿದೆ, ಚೆನ್ನಾಗಿಯೇ ಕೂತಿದೆ, ಸುಕ್ಕಿಲ್ಲದ ಕೆನ್ನೆ, ಹುಡುಗನ ಗದ್ದ, ಪರದೇಶದಲ್ಲಿ ಬೆಳೆದು ತಂದೆಯ ಪಟ್ಟಕ್ಕೆ ಬಂದ ಮಗ ಎಂದು ಟಂಕಸಾಲೆಯವರೆಲ್ಲ ನಂಬಿರುವ ಮುಖ — ಆದರೆ ಕೋಟೆಯ ಮುತ್ತಿಗೆಯಲ್ಲಿ ಬಾಣ ಸವರಿ ಹೋದದ್ದು ತಂದೆಯ ಹುಬ್ಬನ್ನು, ಮಗನ ಹುಬ್ಬಿಗೆ ಅದು ಹೇಗೆ ಬಂತು, ಯಾರಾದರೂ ಕೇಳಿದರೆ, ಕೇಳಲಿಕ್ಕೆ ಹಳೆಯ ನಾಣ್ಯ ಒಂದು ಅಂಗೈಯಲ್ಲಿ ಹೊಸದು ಇನ್ನೊಂದರಲ್ಲಿ ಇದ್ದರೆ ಸಾಕು. ಉಜ್ಜಿದರೆ ಹೋಗುತ್ತದೆ. ಉಕ್ಕು ಇನ್ನೂ ಮೆತ್ತಗಿದೆ, ಬೆಂಕಿ ಕಂಡಿಲ್ಲ. ಉಜ್ಜುಗಲ್ಲು ಎಲ್ಲಿ, ಇಲ್ಲೇ ಇತ್ತಲ್ಲ, ಎಡಗೈಯ ಕೆಳಗೇ ಇದೆ, ಎತ್ತಿಕೊಳ್ಳುತ್ತಿಲ್ಲ ಯಾಕೆ ನಾನು.

ಮಗ ಎಲ್ಲಿಯ ಮಗ. ಅವನೇ ಇವನು. ಅಚ್ಚು ಕೊರೆಯುವವರು ಮುಖವನ್ನು ಕನ್ನಡಿಯಲ್ಲಿ ನೋಡಿಕೊಂಡು ಕೊರೆಯುತ್ತೇವೆ, ಉಕ್ಕಿನಲ್ಲಿ ತಿರುಗಾಮುರುಗಾ ಇದ್ದದ್ದು ನಾಣ್ಯದಲ್ಲಿ ನೆಟ್ಟಗಾಗಬೇಕಲ್ಲ, ಅಪ್ಪ ತೀರಿಕೊಂಡ ಮೇಲೆ ಮೊದಲ ಸಲ ದೊರೆ ಈ ಕೋಣೆಗೆ ಬಂದು ಕೂತಾಗ ನಾನೂ ಕನ್ನಡಿ ಒರೆಸಿ ಎದುರಿಗಿಟ್ಟೆ, ನೋಡುತ್ತೇನೆ, ಕನ್ನಡಿಯಲ್ಲಿ ಕುರ್ಚಿ ಮಾತ್ರ ಇದೆ, ಕುರ್ಚಿಯ ಬೆನ್ನಿನ ಕೆತ್ತನೆ ಇದೆ, ಹಿಂದಿನ ಗೋಡೆಯ ಮೊಳೆ ಇದೆ, ತಿರುಗಿ ನೋಡಿದರೆ ದೊರೆ ಕಾಲಿನ ಮೇಲೆ ಕಾಲು ಹಾಕಿ ಕೂತಿದ್ದಾನೆ, ನಗುತ್ತಿದ್ದಾನೆ, ನಿಮ್ಮಪ್ಪನೂ ಹೀಗೇ ಬೆವರಿದ್ದ, ಕನ್ನಡಿ ಬೇಡಪ್ಪ, ಹಾಗೇ ನೋಡಿ ತಲೆಯಲ್ಲೇ ತಿರುಗಿಸ್ಕೋ. ಒಲೆಯ ಮುಂದೆ ಅಜ್ಜಿ ಹೇಳುತ್ತಿದ್ದಳು, ರಕ್ತ ಕುಡಿಯೋದಕ್ಕೆ ಕನ್ನಡೀಲಿ ರೂಪ ಇಲ್ಲ ಕಣೋ, ಬಿಸಿಲಲ್ಲಿ ನಿಲ್ಲಲ್ಲ, ಹರಿಯೋ ನೀರು ದಾಟಲ್ಲ, ಮತ್ತೆ ಒಬ್ಬರನ್ನ ತನ್ನ ಹಾಗೆ ಮಾಡ್ಕೋಬೇಕಾದ್ರೆ ಅವರು ಬಾಯ್ಬಿಟ್ಟು ಹೂಂ ಅನ್ನಬೇಕು, ಅನ್ನದಿದ್ರೆ ಕುಡಿದು ಬಿಸಾಕಬಹುದು ಅಷ್ಟೇ, ಇಟ್ಕೊಳ್ಳೋಕಾಗಲ್ಲ. ನಾನು ಕಂಬಳಿ ತಲೆಯ ಮೇಲೆ ಎಳೆದುಕೊಂಡು, ಅಜ್ಜಿ ಅದು ಎಲ್ಲಿರುತ್ತೆ, ಅಯ್ಯೋ ಪೆದ್ದೇ, ಊಟ ಎಲ್ಲಿ ಸಿಗುತ್ತೋ ಅಲ್ಲಿರುತ್ತೆ. ಸಿಂಹಾಸನದ ಮೇಲಿರುತ್ತದೆ ಎಂದು ಅವಳಿಗೂ ಗೊತ್ತಿರಲಿಲ್ಲ. ಚರಿತ್ರೆಯಲ್ಲಿ ಬರೆದಿದ್ದಾರೆ, ಮುತ್ತಿಗೆ ಹಾಕಿದ ಸೈನ್ಯ ಯಾವುದೋ ಕಾಯಿಲೆ ಬಿದ್ದು ಡೇರೆಗಳಲ್ಲೇ ಬಿಳಿಚಿಕೊಂಡು ಸತ್ತಿತು ಎಂದು, ಶಾಂತಿ ಒಪ್ಪಂದಕ್ಕೆ ದೊರೆ ದೀಪ ಹಚ್ಚಿದ ಮೇಲೆಯೇ ಸಹಿ ಹಾಕಿದ ಎಂದು, ಮಹಾಮಾರಿಯ ವರ್ಷ ತನ್ನ ಸ್ವಂತ ವೈದ್ಯರನ್ನು ಬೀದಿಬೀದಿಗೆ ಕಳಿಸಿದ ದಯಾಳು ಎಂದು. ಕಳಿಸಿದ, ನಿಜ, ನಮ್ಮ ಮನೆಗೂ ಬಂದರು, ಕೆಟ್ಟ ರಕ್ತ ತೆಗೀಬೇಕು ಎಂದು ನನ್ನ ಹೆಂಡತಿಯ ತೋಳು ಕೊಯ್ದರು, ಬಟ್ಟಲಿನ ಮೇಲೆ ಬಿಳಿ ಬಟ್ಟೆ ಮುಚ್ಚಿದರು, ಬಟ್ಟಲುಗಳು ಗುಡ್ಡದ ಅರಮನೆಗೆ ಸಾಲಾಗಿ ಹೋದವು, ಅವಳು ನೀರು ಎಂದಳು, ನೀರು ತರುವಷ್ಟರಲ್ಲಿ — ಬೇಡ. ಬೇಡ ಅದು. ಅವಳ ಮುಖವನ್ನು ನಾನು ಒಂದು ಸಲವೂ ಉಕ್ಕಿನಲ್ಲಿ ಕೊರೆಯಲಿಲ್ಲ, ಅವನ ಮುಖವನ್ನೇ ಕೊರೆದೆ, ಪ್ರತಿ ಹೊಸ ಅಚ್ಚಿಗೂ ಕಣ್ಣಿನ ಕೆಳಗೆ ಒಂದು ಚೀಲ, ಕತ್ತಿಗೆ ಒಂದು ಮಡಿಕೆ, ವಯಸ್ಸಾಗದವನಿಗೆ ನನ್ನ ಉಳಿಯಿಂದ ವಯಸ್ಸು ಕೊಟ್ಟೆ, ಪರದೆಯ ಹಿಂದಿನ ದೊರೆಯನ್ನು ಜನ ನಾಣ್ಯದಲ್ಲೇ ಕಂಡರು, ನಾಣ್ಯದಲ್ಲೇ ಮುದುಕನಾದ, ಹೋದ ತಿಂಗಳು ಖಾಲಿ ಶವಪೆಟ್ಟಿಗೆಯಲ್ಲಿ ಮೆರವಣಿಗೆಯಾಗಿ ಹೋದ.

ಆಮೇಲೆ ಇಲ್ಲಿಗೆ ಬಂದ, ಆ ಕುರ್ಚಿಯಲ್ಲೇ ಕೂತ, ಪ್ರತಿಸಲ ಕೇಳುವುದನ್ನೇ ಕೇಳಿದ, ಹೇಗಿದ್ದೀನಿ ನಾನು? ಕೇಳುವಾಗ ಅವನ ಕಣ್ಣು ನೋಡಬೇಕು, ಜಾತ್ರೆಯಲ್ಲಿ ಕಳೆದುಹೋದ ಮಗುವಿನ ಕಣ್ಣು, ದೇವರೇ, ಮರುಕ ಹುಟ್ಟಿಸಬಾರದವನ ಮೇಲೂ ಮರುಕ ಹುಟ್ಟಿಸುತ್ತೀಯಲ್ಲ. ಚೆನ್ನಾಗಿದ್ದೀರಿ ದೊರೆ. ನಿನ್ನ ಕೈ ನಡುಗ್ತಿದೆ. ವಯಸ್ಸಾಯ್ತಲ್ಲ ದೊರೆ. ನೀನು ಹೋದ್ರೆ ನನ್ನ ಮುಖ ಹೇಗಿದೆ ಅಂತ ನನಗೆ ಹೇಳೋರ್ಯಾರು, ನಾಣ್ಯ ನೋಡ್ಕೊಂಡೇ ನಾನು ನನ್ನನ್ನ ಗುರುತು ಹಿಡಿಯೋದು, ನೀನು ಹೋಗಬಾರದು, ಹೂಂ ಅಂದುಬಿಡು, ಕೈ ಮತ್ತೆಂದೂ ನಡುಗಲ್ಲ. ನಾನು ಉಳಿಯ ತುದಿ ಒರೆಸಿದೆ. ಬೇಡ ಅಂದ್ರೆ ಬಲವಂತ ಇಲ್ಲಪ್ಪ, ನಿನ್ನ ಮಗಳಿದ್ದಾಳಲ್ಲ, ಕೈ ಗಟ್ಟಿಯಾಗಿದೆ, ಅವಳನ್ನೇ ಕೇಳ್ತೀನಿ, ಪಟ್ಟಾಭಿಷೇಕದ ಸಂಜೆ ಬರ್ತೀನಿ, ಯೋಚ್ನೆ ಮಾಡಿಟ್ಟಿರು. ಅಂದಿನಿಂದ ಈ ಬಾಗಿಲಿಗೆ ಹೊರಗಿನಿಂದ ಅಗಳಿ. ಪಟ್ಟಾಭಿಷೇಕ ಇವತ್ತೇ. ಸಾವಿಗೆ ಹೆದರುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು, ಹೆಂಡತಿ ಹೋದ ದಾರಿ ಅದು, ದೀಪ ಹಿಡಿದು ಅಲ್ಲೆಲ್ಲೋ ನಿಂತಿರುತ್ತಾಳೆ ಎಂದು ಪ್ರಾರ್ಥನೆಯ ಕೊನೆಗೆ ದಿನವೂ ನೆನೆಯುತ್ತೇನೆ, ಆದರೆ ಸಾಯದೇ ಉಳಿದವನನ್ನು ದೇವರು ಎಲ್ಲಿ ಅಂತ ಹುಡುಕಬೇಕು, ಅವಳು ಎಷ್ಟು ಹೊತ್ತು ದೀಪ ಹಿಡಿದು ನಿಲ್ಲಬೇಕು, ನಾನಿಲ್ಲಿ ಗೀರು ಹಾಕುತ್ತ, ಗೀರಿನಿಂದ ಕಣ್ಣಿಗೆ, ಕಣ್ಣಿನಿಂದ ಮೂಗಿಗೆ, ಅದೇ ಮುಖ, ಮಗ, ಮೊಮ್ಮಗ, ಮರಿಮಗ. ನಾನು ಒಲ್ಲೆ ಎಂದರೆ ಮಗಳು. ಅವಳು ಒಲ್ಲೆ ಎಂದರೆ ನನ್ನನ್ನು ಅವಳೆದುರು ನಿಲ್ಲಿಸುತ್ತಾನೆ, ಆಗ ಹೂಂ ಎನ್ನುತ್ತಾಳೆ, ಎಂದೇ ಎನ್ನುತ್ತಾಳೆ, ಅವಳ ತಾಯಿಯ ಮಗಳಲ್ಲವೇ.

ಹೊರಗೆ ಅವಳದೇ ದನಿ, ಕಾವಲಿನವನು ಗೊಣಗುತ್ತಿದ್ದಾನೆ, ಏನಮ್ಮ ತಾಯಿ, ಅಪ್ಪನಿಗೆ ಊಟಾನಾ ಉಪದೇಶಾನಾ? ಎರಡೂ ತಂದಿದ್ದೆ ಕಣಣ್ಣ, ಊಟ ಮುಗೀತು, ಉಪದೇಶ ಉಳಿದಿದೆ, ನಿನಗೆ ಬೇಕಾ? ಅವನು ನಕ್ಕು ದೂರ ಸರಿದ, ಬಾಗಿಲ ಪುಟ್ಟ ಕಿಂಡಿ ತೆರೆಯಿತು, ಕೈ ಬಂತು, ಅಚ್ಚು ಕೊಡಪ್ಪ, ಕುಲುಮೆ ಕಾದಿದೆ, ಸುತ್ತಿಗೆಯವರು ಕಾಯ್ತಿದ್ದಾರೆ. ಕೊಟ್ಟೆ. ಅಚ್ಚನ್ನು ಮೇಣಕ್ಕೆ ಒತ್ತಿ ನೋಡುವುದು ಅವಳ ಪದ್ಧತಿ, ಒತ್ತಿದಳು, ಎತ್ತಿದಳು. ಅಪ್ಪಾ. ಏನವ್ವ. ಈ ಗೀರು ಉಳಿದುಹೋಗಿದೆ. ಹೂಂ, ಈಗ ನೋಡ್ದೆ. ಉಜ್ಜಲಾ? ಉಜ್ಜು ಎಂದರೆ ಮುಗಿಯಿತು, ನಾಲಿಗೆಯ ತುದಿಯಲ್ಲೇ ಇದೆ ಆ ಮಾತು, ಉಜ್ಜು ಎಂದರೆ ಸಂಜೆ ಅವನು ಬರುತ್ತಾನೆ, ಉಜ್ಜಬೇಡ ಎಂದರೂ ಬರುತ್ತಾನೆ, ಆದರೆ ಅಷ್ಟರಲ್ಲಿ ಹೊಸ ನಾಣ್ಯ ಬೀದಿಬೀದಿಗೆ ಹೋಗಿರುತ್ತದೆ, ಹಳೆಯದನ್ನು ಕೊಟ್ಟು ಹೊಸದನ್ನು ತೆಗೆದುಕೊಳ್ಳುವಾಗ ಪ್ರತಿಯೊಬ್ಬನೂ ಎರಡನ್ನೂ ಪಕ್ಕಪಕ್ಕ ಹಿಡಿದು ನೋಡುತ್ತಾನೆ, ನೋಡದವನುಂಟೇ. ಇವಳಿಗೆ ಹೇಗೆ ಹೇಳಲಿ. ಮಗಳೇ, ಈ ದೊರೆ ಅಂದ್ರೆ — ಗೊತ್ತಪ್ಪ. ಏನು ಗೊತ್ತು? ಅಮ್ಮನ ಬಟ್ಟಲು ಗುಡ್ಡದ ಬಾಗಿಲ ತನಕ ಹೊತ್ಕೊಂಡು ಹೋದೋಳು ನಾನೇ, ನೀನು ಅಮ್ಮನ ಹತ್ರ ಕೂತಿದ್ದೆ. ಬಟ್ಟಲು ವಾಪಸ್ ಬಂದಾಗ ತೊಳೆದಿರಲಿಲ್ಲ ಅಪ್ಪ. ಯಾರೋ ನೆಕ್ಕಿದ್ರು. ಇಷ್ಟು ಕಾಲ ಒಂದೇ ಸೂರಿನ ಕೆಳಗೆ, ಒಂದೇ ಗುಟ್ಟನ್ನು ಒಬ್ಬರಿಂದ ಒಬ್ಬರು ಮುಚ್ಚಿಟ್ಟುಕೊಂಡು, ಸಾರಿಗೆ ಉಪ್ಪು ಸಾಕಾ, ಸಾಕು, ಎಂದುಕೊಂಡು. ಉಜ್ಜಲ್ಲ ನಾನು, ಎಂದಳು. ಬೇಡ ಉಜ್ಜಬೇಡ, ಕೇಳಿಲ್ಲಿ, ನಾಣ್ಯದ ಗಾಡಿ ಹೊರಡುತ್ತಲ್ಲ, ಅದರ ಜೊತೆ ಹೊಳೆ ದಾಟಿಬಿಡು, ದೊಡ್ಡಮ್ಮನ ಮನೆಗೆ ಹೋಗು, ವಾಪಸ್ ಬರಬೇಡ. ನೀನು? ನಾನು ಹಿಂದೇನೇ ಬರ್ತೀನಿ. ಸುಳ್ಳು ಹೇಳೋಕೂ ಬರಲ್ವಲ್ಲಪ್ಪ ನಿಂಗೆ. ಬಾಗಿಲ ಕಿಂಡಿಯೊಳಗೆ ಕೈ ಚಾಚಿ ನನ್ನ ಹೆಬ್ಬೆರಳನ್ನು ಹಿಡಿದುಕೊಂಡಳು, ಚಿಕ್ಕವಳಿದ್ದಾಗ ರಸ್ತೆ ದಾಟುವಾಗ ಹಿಡಿಯುತ್ತಿದ್ದ ಹಾಗೆ, ಉಪದೇಶ ಮುಗೀತಾ ತಾಯಿ, ಮುಗೀತಣ್ಣ, ಬಿಟ್ಟಳು.

ಗೋಡೆಯಾಚೆ ತಿದಿ ಉಸಿರಾಡುತ್ತಿದೆ, ಇಕ್ಕಳದ ಸದ್ದು, ಈಗ ಕೆಂಪಾಗಿರುತ್ತದೆ, ಈಗ ಕಿತ್ತಳೆ, ಮುಳುಗಿಸು ಮಗಳೇ, ತಡಮಾಡಬೇಡ, ಸುಂಯ್ — ಆಯಿತು, ನೀರು ಕುಡಿದ ಉಕ್ಕು, ಇನ್ನು ಯಾವ ಕಲ್ಲಿನಿಂದಲೂ ಆ ಗೀರು ಹೋಗುವುದಿಲ್ಲ. ಸುತ್ತಿಗೆಗಳು ಶುರುವಾದವು, ಒಂದೊಂದು ಪೆಟ್ಟಿಗೂ ಒಂದೊಂದು ಗೀರು, ಸುತ್ತಿಗೆಯವರಾಗಲಿ ಮೇಲಿನವರಾಗಲಿ ತಡೆಯಲಿಲ್ಲ, ಹುಟ್ಟಿದಂದಿನಿಂದ ಆ ಗೀರಿನ ಮುಖವನ್ನೇ ಕಂಡ ಕಣ್ಣುಗಳು, ಇದ್ದದ್ದು ಇದ್ದಲ್ಲೇ ಇದೆ ಎಂದುಕೊಂಡಿರಬೇಕು. ಗಾಡಿ ಹೊರಟಿತು, ಎತ್ತುಗಳ ಗೊರಸು, ಗಾಲಿ ಕಿರುಗುಟ್ಟಿತು, ಅವಳು ಅದರ ಮೇಲೆ ಕೂತಿದ್ದಾಳೆ, ಕೂತಿರಲಿ ದೇವರೇ, ಮಗುವನ್ನು ಹೊಳೆ ದಾಟಿಸು, ಬೇರೆ ಏನನ್ನೂ ಕೇಳುವುದಿಲ್ಲ, ಕಿಂಡಿಯ ಬಿಸಿಲು ಗೋಡೆ ಹತ್ತಿ ಮೊಳೆಯನ್ನು ಮುಟ್ಟಿ ಸೂರಿನಲ್ಲಿ ಕರಗುತ್ತಿದೆ, ಗೂಡಿನಲ್ಲಿ ದೀಪ ಹಚ್ಚುತ್ತೇನೆ, ಕೈ ನಡುಗುತ್ತಿದೆ, ನಡುಗಲಿ, ಇದು ಸಾಯುವವನ ಕೈ, ನನ್ನ ಕೈ. ಹೊಳೆಯ ದೋಣಿಯವನ ಕೂಗು ಇಲ್ಲಿಗೆ ಕೇಳುವುದಿಲ್ಲ. ಕೇಳಿದಂತಾಯಿತು. ಕೇಳಿತು ಎಂದೇ ಅಂದುಕೊಳ್ಳುತ್ತೇನೆ.

ಅಗಳಿ ಸರಿಯಿತು, ಅವನು. ಬಾಗಿಲು ತೆರೆದ ಕೂಡಲೇ ಬೀದಿಯ ಗದ್ದಲ ಒಳಗೆ ನುಗ್ಗಿತು, ಜಯಕಾರವಲ್ಲ, ಬೇರೆ ಏನೋ, ಸಾವಿರ ಬಾಯಿಗಳು ಒಂದೇ ಪ್ರಶ್ನೆಯನ್ನು ಒಬ್ಬರಿಗೊಬ್ಬರು ಕೇಳುತ್ತಿರುವ ಹಾಗೆ, ಕುರ್ಚಿಯಲ್ಲಿ ಕೂತ, ಪಟ್ಟಾಭಿಷೇಕದ ಉಡುಪಿನಲ್ಲೇ ಇದ್ದಾನೆ, ಅಂಗೈಯಲ್ಲಿ ಹೊಸ ನಾಣ್ಯ. ಏನಂತೀಯ? ಒಲ್ಲೆ ದೊರೆ. ಮಗಳು? ಹೊಳೆ ದಾಟಿದ್ದಾಳೆ. ಕೋಪಿಸಿಕೊಳ್ಳುತ್ತಾನೆ ಎಂದುಕೊಂಡೆ, ಅವನು ಎದ್ದೇಳಲಿಲ್ಲ, ನಾಣ್ಯವನ್ನು ದೀಪದ ಹತ್ತಿರ ಹಿಡಿದು ವಾರೆ ಮಾಡಿದ. ಈ ಗೀರು ಯಾಕೆ ಹಾಕ್ದೆ? ಅಲ್ಲಿರೋದನ್ನ ಹಾಕ್ದೆ. ಇನ್ನೂ ಇದೆಯಾ? ನನ್ನ ಮೈಮೇಲೆ ಗಾಯ ನಿಲ್ಲಲ್ಲ, ಮರುದಿನವೇ ಮಾಯುತ್ತೆ, ಹಳೇ ನಾಣ್ಯದಲ್ಲಿರೋದು ನಿಮ್ಮಪ್ಪ ಶೌರ್ಯಕ್ಕೆ ಅಂತ ಹಾಕಿದ್ದು ಅಂದ್ಕೊಂಡಿದ್ದೆ. ಇಲ್ಲ ದೊರೆ, ಅದೊಂದು ಮಾಯಲಿಲ್ಲ. ಎಲ್ಲಿ? ನಾನು ಹೇಳಲಿಲ್ಲ. ಹೊರಗೆ ಜನ ಟಂಕಸಾಲೆಯ ಬಾಗಿಲು ಬಡಿಯುತ್ತಿದ್ದಾರೆ, ಕಾವಲಿನವನು ಓಡಿಹೋದ ಸದ್ದು, ದೊರೆ ಅದನ್ನು ಕೇಳಿಸಿಕೊಳ್ಳುತ್ತಿಲ್ಲ, ಬೆರಳೆತ್ತಿ ಹುಬ್ಬಿನ ಮೇಲಿಟ್ಟುಕೊಂಡಿದ್ದಾನೆ, ಮೆಲ್ಲಗೆ ಸವರುತ್ತಿದ್ದಾನೆ, ಕಣ್ಣು ನನ್ನ ಮೇಲೆ, ಇಲ್ಲೇನಾ, ಇಲ್ಲೇನಾ — ಕೂದಲೆಳೆಯಷ್ಟು ಕೆಳಗೆ, ದೊರೆ, ಇನ್ನೂ ಕೆಳಗೆ, ಬೆರಳು ದಾಟಿಹೋಯಿತು, ಮತ್ತೆ ತಿರುಗಿ ಬಂತು, ಗೀರಿನ ಮೇಲೇ ಇದೆ ಈಗ, ಗೊತ್ತಾಗುತ್ತಿಲ್ಲ ಅವನಿಗೆ, ಆ ಬೆರಳು, ಹುಬ್ಬಿನ ಮೇಲೆ ಆ ಬೆರಳು, ಹುಡುಕುತ್ತಿದೆ