ಕೊನೆಯ ಹಕ್ಕಳೆ

ಬೇವಿನ ತೊಂಗಲು ಬೆನ್ನ ಮೇಲೆ ಇಳಿಯುತ್ತಿದೆ, ಇನ್ನಷ್ಟು ಕೆಳಗೆ, ಎಡಕ್ಕೆ, ಅಲ್ಲೇ — ಛೇ, ತುರಿಸುವ ಜಾಗ ದಾಟಿಹೋಯಿತು, ಹೇಳೋಣವೆಂದರೆ ಜನ್ನತಬಿ ಗಂಡನ ಮಾತು ಕಿವಿಗೆ ಹಾಕಿಕೊಳ್ಳುವುದನ್ನೇ ಬಿಟ್ಟಿದ್ದಾಳೆ, ಟಾಂಗಾ ಹೊಡೆಯುವ ಮಶಾಕಸಾಬನ ದನಿ ಬಾಗೇವಾಡಿಯ ಪೇಟೆಯ ಈ ತುದಿಯಿಂದ ಆ ತುದಿಗೆ ಕೇಳುತ್ತದೆ, ಮನೆಯೊಳಗೆ ಹೆಂಡತಿಗೆ ಮಾತ್ರ ಕೇಳುವುದಿಲ್ಲ, ಆಡು ಮಾರಿದ ದಿನದಿಂದ. ಸಾಲೋಟಗಿಯ ತವರಿನಿಂದ ಅವಳು ಹೊಡೆದುಕೊಂಡು ಬಂದ ಆಡು, ಅವಳದೇ, ಒಂದು ಮಾತು ಕೇಳದೆ ಸಂತೆಗೆ ಒಯ್ದು ಮಾರಿ ಟಾಂಗಾಕ್ಕೆ ಹೊಸ ಗಾದಿ ಹಾಕಿಸಿದ, ಕೆಂಪು ರೆಕ್ಸಿನ್, ಕೂತವರೆಲ್ಲ ಭಾಳ ಮೆತ್ತಗೈತಿ ಅಂದರು, ಇವಳು ಗಂಟು ಕಟ್ಟಿದಳು, ತವರಿಗೆ ಹೊರಟು ಹೊಸ್ತಿಲ ಮೇಲೆ ಕಾಲಿಟ್ಟಾಗ ಇವನಿಗೆ ಗಡಗಡ ಜ್ವರ, ಬೆಳಗಾಗುವುದರೊಳಗೆ ಎದೆ ತುಂಬ ನೀರ್ಗುಳ್ಳೆ. ದವಾಖಾನೆಯ ಡಾಕ್ಟರು ದೂರ ನಿಂತು ನೋಡಿ, ಇದು ದೊಡ್ಡ ಸಿಡುಬಲ್ಲ, ಸೀತಾಳೆ ಸಿಡುಬು, ಉಗುರು ಕತ್ತರಿಸು, ಕೆರಕೋಬ್ಯಾಡ ಅಂದು ಗುಲಾಬಿ ಬಣ್ಣದ ಔಷಧ ಕೊಟ್ಟರು, ಬದಿಮನೆಯ ರುಕ್ಮವ್ವ ಬಂದು ಮೈಮ್ಯಾಲ ತಾಯಿ ಬಂದಾಳ, ಕತ್ತರಿ ಮುಟ್ಟಂಗಿಲ್ಲ, ಒಗ್ಗರಣಿ ಹಾಕಂಗಿಲ್ಲ, ಸಿಟ್ಟಿನ ಮಾತು ಆಡಂಗಿಲ್ಲ ಅಂದಳು. ಜನ್ನತಬಿ ಗಂಟು ಕೆಳಗಿಟ್ಟು ಇಬ್ಬರ ಮಾತನ್ನೂ ಉಳಿಸಿದಳು — ಹಳೆಯ ಲುಂಗಿ ಹರಿದು ಎರಡು ಚೀಲ ಹೊಲಿದು, ಕುದುರೆಯ ಮೂತಿಗೆ ಕಡಲೆ ಚೀಲ ಕಟ್ಟುವ ಹಾಗೆ ಇವನ ಕೈಗಳಿಗೆ ಕಟ್ಟಿದಳು, ಉಗುರು ಇದ್ದಲ್ಲೇ ಇತ್ತು, ಕೆರೆಯಲು ಬರುತ್ತಿರಲಿಲ್ಲ, ಎಮ್ಮೆಯ ಹಾಗೆ ಗೋಡೆಗೆ ಬೆನ್ನು ತಿಕ್ಕಿದರೆ ಮಣ್ಣು ಉದುರಿ ಮತ್ತಷ್ಟು ತುರಿಕೆ. ಮುಲ್ಲಾ ಸಾಹೇಬರಿಗೆ ಈ ತಾಯಿಸೇವೆ ತಿಳಿದರೆ ಏನಂದಾರು, ಏನೂ ಅನ್ನಲಾರರು, ಹೋದ ಬೇಸಗೆಯಲ್ಲಿ ಅವರ ಬಾಗಿಲಿಗೂ ಬೇವು ತೂಗಿತ್ತು. ಆದರೆ ಬೇವು ಆಡಿಸುತ್ತ ಜನ್ನತಬಿ ಬೇಡಿಕೊಳ್ಳುವ ಆ ದನಿ, ತಂಪಾಗು ತಾಯಿ, ಉರಿ ಕಡಿಮಿ ಮಾಡು ತಾಯಿ, ಮದುವೆಯಾದ ಹೊಸತರಲ್ಲೂ ಇಷ್ಟು ಮೆತ್ತಗಿನ ದನಿ ಇವನು ಕೇಳಿರಲಿಲ್ಲ, ಇಂವ ನನ್ನ ಆಡು ಮಾರಿದಾಂವ ಖರೆ, ಆದ್ರೂ ಇವನ ಕಣ್ಣ ಉಳಸು — ತಪ್ಪಾತು ಜನ್ನತ ಅಂದುಬಿಟ್ಟ ಇವನು, ಅವಳು ತೊಂಗಲು ನಿಲ್ಲಿಸದೆ, ನಾ ನಿನ್ನ ಕೂಡ ಮಾತಾಡಾಕತ್ತಿಲ್ಲ, ತಾಯಿ ಕೂಡ ಮಾತಾಡಾಕತ್ತೇನಿ.

ಗುಳ್ಳೆ ಒಣಗಿದವು, ಹಕ್ಕಳೆ ಉದುರತೊಡಗಿದವು, ಎದೆಯವು, ಬೆನ್ನಿನವು, ಬೇರೆ ಯಾರಾದರೂ ಖುಷಿಪಟ್ಟಾರು, ಇವನಿಗೆ ಹಾಗಲ್ಲ, ಕೊನೆಯದು ಉದುರಿದರೆ ಬೇವಿನ ನೀರು ಹೊಯ್ದು ತಾಯಿಯನ್ನು ಕಳಿಸುತ್ತಾಳೆ, ಆಮೇಲೆ ತವರಿಗೆ ಹೋಗಲು ಇಂಡಿ ಊರಿನ ಬಸ್ಸು ಹತ್ತುತ್ತಾಳೆ. ಈಗ ತುರಿಸಿದರೂ ಹಲ್ಲು ಕಚ್ಚಿ ಸುಮ್ಮನಿರುತ್ತಾನೆ, ಎಡಮೊಣಕಾಲ ಮೇಲೊಂದು ಉಳಿದಿದೆ, ಕಡಲೆಬೇಳೆಯಷ್ಟು, ಕರ್ರಗೆ, ಸುತ್ತಲೂ ಎದ್ದು ನಡುವೆ ಮಾತ್ರ ಹಿಡಿದುಕೊಂಡಿದೆ, ಹಿಡಿದುಕೋ, ಹಿಡಿದುಕೋ, ಮಲಗುವಾಗ ಕಾಲು ಮಡಚುವುದಿಲ್ಲ, ಕೌದಿ ತಗಲಿಸುವುದಿಲ್ಲ. ನಿನ್ನೆ ಮಧ್ಯಾಹ್ನ ಕಣ್ಣು ಮುಚ್ಚಿ, ದನಿ ಸಣ್ಣ ಮಾಡಿ, ತಾಯಿಯೇ ನುಡಿಯುವ ಹಾಗೆ ನುಡಿದ, ಮಗಳ, ಈ ಬಡವನ್ನ ಬಿಟ್ಟು ಹೋಗಬ್ಯಾಡ. ತೊಂಗಲು ನಿಂತಿತು. ತಾಯಿ ಹಂಗ ಅನ್ನಂಗಿಲ್ಲ, ಅಂದಳು ಜನ್ನತಬಿ, ಆಕೀನೂ ಹೆಣ್ಮಗಳು. ತೊಂಗಲು ಮತ್ತೆ ಆಡಿತು, ಸ್ವಲ್ಪ ಬಿರುಸಾಗಿ. ಇವತ್ತು ಕೈಚೀಲ ಬಿಚ್ಚಿ ಬಚ್ಚಲ ಕಲ್ಲಿನ ಮೇಲೆ ಕೂರಿಸಿದ್ದಾಳೆ, ಬೇವು ಅರಿಷಿಣ ಕುದಿಸಿದ ನೀರು, ತಲೆಗೆ, ಹೆಗಲಿಗೆ, ಇವನು ಅಂಗೈಯಿಂದ ಮೊಣಕಾಲು ಮುಚ್ಚಿದ್ದಾನೆ, ಅವಳು ಒಂದೊಂದೇ ಬೆರಳು ಬಿಡಿಸಿ ನೀರು ಸುರಿದಳು, ಹಕ್ಕಳೆ ಎದ್ದಿತು, ಜಾರಿತು. ತಾಯಿ ಹ್ವಾದಳು, ಅಂದಳು, ತಂಬಿಗೆ ಕೆಳಗಿಟ್ಟು ನೆಟ್ಟಗೆ ಇವನ ಮುಖವನ್ನೇ ನೋಡಿ, ಇನ್ನ ನೀ ಮಾತಾಡು. ಮಾತು — ಟಾಂಗಾ ನಿಲ್ಲುವಲ್ಲಿ ಎಲ್ಲರ ಬಾಯಿ ಮುಚ್ಚಿಸುವ ಮಾತು, ದೇವಿಯ ದನಿಯಲ್ಲೂ ಬಂದಿದ್ದ ಮಾತು, ಎಲ್ಲಿ ಹೋಯಿತು, ಕೇಳದೇ ಮಾರಿದ್ದು ತಪ್ಪು ಅನ್ನಬೇಕು, ಹೋಗಬ್ಯಾಡ ಅನ್ನಬೇಕು, ತನ್ನದೇ ದನಿಯಲ್ಲಿ, ಅವಳು ಕಾಯುತ್ತಿದ್ದಾಳೆ, ಇವನ ಕಣ್ಣು ಹಳದಿ ನೀರಿನಲ್ಲಿ, ಬಚ್ಚಲ ತೂತಿನ ಬಾಯಲ್ಲಿ ಆ ಹಕ್ಕಳೆ ಸುತ್ತುತ್ತ, ಒಳಗೂ ಇಳಿಯದೆ, ಹೊರಗೂ ಬಾರದೆ, ಕರ್ರಗೆ, ಕಡಲೆಬೇಳೆಯಷ್ಟು —