ಯೂಲಿಯಾಳ ಎಡಗೈ

ಸ್ಕೌಟ್ಸ್-ಗೈಡ್ಸ್ ಅಂತರರಾಷ್ಟ್ರೀಯ ಶಿಬಿರಕ್ಕೆಂದು ಮಂಗಳೂರಿಗೆ ಬಂದಿದ್ದ ಪೋಲೆಂಡಿನ ಗೈಡ್ ಹುಡುಗಿ ಯೂಲಿಯಾಳನ್ನು ಎರಡು ದಿನ ತೊಕ್ಕೊಟ್ಟಿನ ತಮ್ಮ ಮನೆಯಲ್ಲಿ ಉಳಿಸಿಕೊಳ್ಳಬೇಕೆಂದು, ತಾನೂ ಗೈಡ್ ಆಗಿದ್ದ ಮೋಕ್ಷಾಳಿಗೆ ಆಸೆ. ಕಾಡಿ ಬೇಡಿದ ಮೇಲೆ ಲಕ್ಷ್ಮೀ ಅಜ್ಜಿ ಒಪ್ಪಿದ್ದರು. "ಬರಲಿ. ಆದರೆ ಮನೆಯ ಕ್ರಮ ತಪ್ಪಿದರೆ ಆಗಲೇ ವಾಪಸ್ ಶಿಬಿರಕ್ಕೆ."

ಗೈಡ್‌ಗಳು ಕೈಕುಲುಕುವುದು ಎಡಗೈಯಲ್ಲಿ. ಯಾವ ದೇಶಕ್ಕೆ ಹೋದರೂ ಅವರಿಗೆ ಅದೇ ಮರ್ಯಾದೆ. ಹಿತ್ತಿಲಲ್ಲಿ ಬಂಗುಡೆ ಮೀನು ಕೊಯ್ಯುತ್ತಿದ್ದ ಅಜ್ಜಿಯ ಮುಂದೆ ಯೂಲಿಯಾ ನಗುತ್ತ ಎಡಗೈ ಚಾಚಿದಳು. ಎಡಗೈಯಲ್ಲಿ ಕೊಟ್ಟರೆ ಹೂವನ್ನೂ ಮುಟ್ಟದವರು ಅಜ್ಜಿ. ಮೋಕ್ಷಾ ಓಡಿ ಬಂದು ಪಕ್ಕದಲ್ಲಿ ನಿಂತಳು.

"ಎಂತ ಮಾರಾಯ್ತಿ ಇದು, ಎಡಗೈ?"

"ಅದು ನಮ್ಮ ಗೈಡ್‌ಗಳ ಕ್ರಮ ಅಜ್ಜಿ. ಯಾವ ದೇಶದವಳಾದ್ರೂ 'ನೀನು ನಮ್ಮವಳು' ಅಂತ ಹೇಳುವುದು ಹಾಗೆಯೇ."

"ಓಹೋ, ಅವಳಿಗೂ ಒಂದು ಕ್ರಮ ಉಂಟಾ!"

ಅಜ್ಜಿ ತಮ್ಮ ಬಲಗೈ ನೋಡಿಕೊಂಡರು. ಅದರ ತುಂಬ ಮೀನಿನ ಹುರುಪೆ. ಎಡಗೈ ಕೊಡಲು ಮನಸ್ಸು ಬರಲಿಲ್ಲ. ಕೊನೆಗೆ ಬಲಗೈಯ ಮಣಿಕಟ್ಟನ್ನೇ ಮುಂದೆ ಮಾಡಿದರು. ಯೂಲಿಯಾ ಅದನ್ನು ಎಡಗೈಯಲ್ಲಿ ಹಿಡಿದು ಕುಲುಕಿದಳು.

"ಊಟಕ್ಕೆ ಮಾತ್ರ ಬಲಗೈ, ಹೇಳು ಅವಳಿಗೆ. ಮುಳ್ಳು ತೆಗೆಯಲಿಕ್ಕೆ ನೀನೇ ಕಲಿಸು," ಎಂದ ಅಜ್ಜಿ ಇನ್ನೆರಡು ಬಂಗುಡೆ ಎತ್ತಿಕೊಂಡರು.